ರಿಯಾಲಿಟಿ ಶೋ ಜಗಳದ ಹಿಂದೆ ಯಾರ ಕೈಯಿದೆ ಎಂದು ಪತ್ತೆ ಹಚ್ಚುವ ಬಗೆ

ರಿಯಾಲಿಟಿ ಶೋ ಒಂದರಲ್ಲಿ ಜಗಳವೆದ್ದು ಅದರ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿದರೆ ಸಾಕು, ನೋಡುಗರು ಎರಡು ಪಂಗಡವಾಗುತ್ತಾರೆ. ‘ಎಲ್ಲವೂ ಸ್ಕ್ರಿಪ್ಟೆಡ್’ ಎಂದು ಒಂದು ಪಂಗಡ ಕೈ ಕೊಡವಿದರೆ, ಅಂಥ ಕಣ್ಣೀರನ್ನು ಯಾರೂ ನಟಿಸಲಾರರು ಎಂದು ಇನ್ನೊಂದು ಪಂಗಡ ವಾದಿಸುತ್ತದೆ. ಎರಡೂ ಅವಸರದ ತೀರ್ಮಾನಗಳು. ಏಕೆಂದರೆ ತೆರೆಯ ಮೇಲಿನ ವಿವಾದವು ನಮ್ಮನ್ನು ತಲುಪುವ ಮೊದಲು ನಾಲ್ಕು ಕೈಗಳನ್ನು ದಾಟಿರುತ್ತದೆ: ಸನ್ನಿವೇಶವನ್ನು ಒಡ್ಡಿದವರು, ಅದರಲ್ಲಿ ಮಾತನಾಡಿದವರು, ಆ ಮಾತನ್ನು ಕತ್ತರಿಸಿ ಜೋಡಿಸಿದವರು ಮತ್ತು ಅದನ್ನು ಹೊರಗೆ ಸುದ್ದಿಯಾಗಿಸಿದವರು. ಅಸಲಿಯೋ ನಕಲಿಯೋ ಎಂಬ ಒಂದೇ ಪ್ರಶ್ನೆಯನ್ನು ಬಿಟ್ಟು ಈ ನಾಲ್ವರಲ್ಲಿ ಯಾರು ಏನು ಮಾಡಿದರು ಎಂದು ಬೇರೆ ಬೇರೆಯಾಗಿ ಕೇಳಿದರೆ, ಮನೆಯಲ್ಲೇ ಕುಳಿತ ನೋಡುಗನಿಗೂ ಸಾಕಷ್ಟು ಗಟ್ಟಿಯಾದ ಉತ್ತರ ಸಿಗುತ್ತದೆ.

ಮೊದಲು ಕಾರ್ಯಕ್ರಮದ ಜಾತಿಯನ್ನು ಗುರುತಿಸಿಕೊಳ್ಳಬೇಕು. ಬಹುಮಾನವಿರುವ ಸ್ಪರ್ಧೆ ಬೇರೆ, ಕೆಲವರ ದಿನಚರಿಯನ್ನು ಧಾರಾವಾಹಿಯಂತೆ ತೋರಿಸುವ ಕಾರ್ಯಕ್ರಮ ಬೇರೆ. ಅಮೆರಿಕದ ‘ಟ್ವೆಂಟಿ ಒನ್’ ಕ್ವಿಜ್‌ನಲ್ಲಿ ತನಗೆ ಮೊದಲೇ ಉತ್ತರಗಳನ್ನು ಕೊಡಲಾಗಿತ್ತೆಂದು ಚಾರ್ಲ್ಸ್ ವಾನ್ ಡೋರನ್ 1959ರಲ್ಲಿ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡ ಮೇಲೆ, ಸ್ಪರ್ಧೆಯ ಫಲಿತಾಂಶವನ್ನು ಮೊದಲೇ ಹೊಂದಿಸುವುದು 1960ರ ತಿದ್ದುಪಡಿಯಿಂದ ಅಲ್ಲಿ ಅಪರಾಧವಾಯಿತು. ಆದರೆ ಆ ಕಾನೂನಿನ ಕಣ್ಣು ಇರುವುದು ಸ್ಪರ್ಧೆಯ ಪ್ರಾಮಾಣಿಕತೆಯ ಮೇಲೆ. ಇಬ್ಬರು ಸ್ಪರ್ಧಿಗಳನ್ನು ಜಗಳಕ್ಕೆ ಎಳೆಯುವುದನ್ನು ಅದು ತಡೆಯುವುದಿಲ್ಲ. ಹೀಗಾಗಿ ಯಾರು ಗೆದ್ದರು ಎಂಬುದನ್ನು ತಿರುಚಲು ಹೆದರುವ ನಿರ್ಮಾಪಕರೂ ಯಾರು ಯಾರೊಡನೆ ಕಿತ್ತಾಡಿದರು ಎಂಬುದರಲ್ಲಿ ಧಾರಾಳವಾಗಿ ಕೈಯಾಡಿಸಬಲ್ಲರು. ದಿನಚರಿಯ ಕಾರ್ಯಕ್ರಮಗಳಲ್ಲಂತೂ ಕೆಲವು ಇದನ್ನು ತಾವೇ ಹೇಳಿಬಿಡುತ್ತವೆ. ಬ್ರಿಟನ್ನಿನ ‘ದಿ ಓನ್ಲಿ ವೇ ಈಸ್ ಎಸೆಕ್ಸ್’ 2010ರಲ್ಲಿ ಆರಂಭವಾದಾಗಲೇ, ಇಲ್ಲಿನ ಜನ ನಿಜವಾದರೂ ಕೆಲವು ಸಂಗತಿಗಳನ್ನು ಮನರಂಜನೆಗಾಗಿ ಏರ್ಪಡಿಸಲಾಗಿದೆ ಎಂದು ಸಾರಿತ್ತು. ಸ್ಪರ್ಧೆಗಳಲ್ಲೂ ಇಂಥದ್ದುಂಟು: ಅಮೆರಿಕದ ವಸ್ತ್ರವಿನ್ಯಾಸ ಸ್ಪರ್ಧೆ ‘ಪ್ರಾಜೆಕ್ಟ್ ರನ್‌ವೇ’ಯ ಕೊನೆಯ ಶೀರ್ಷಿಕೆಗಳಲ್ಲಿ, ಎಲಿಮಿನೇಷನ್ ತೀರ್ಮಾನಕ್ಕೆ ಮುನ್ನ ತೀರ್ಪುಗಾರರು ನಿರ್ಮಾಪಕರೊಡನೆ ಸಮಾಲೋಚಿಸುತ್ತಾರೆಂಬ ಸಾಲಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಇಂಥ ಅಕ್ಷರಗಳನ್ನು ತಡೆದು ನಿಲ್ಲಿಸಿ ಓದುವುದು ಪತ್ತೇದಾರಿಯ ಅತಿ ಅಗ್ಗದ ಮತ್ತು ಅತಿ ಕಡೆಗಣಿತ ಹೆಜ್ಜೆ.

ಎರಡನೆಯದಾಗಿ, ಜಗಳವನ್ನು ನೋಡುವ ಮೊದಲು ಅದರ ಹಿಂದಿನ ಗಂಟೆಗಳನ್ನು ನೋಡಬೇಕು. ಬಹಿರಂಗ ನಾಮಿನೇಷನ್ (ಹೊರಹಾಕಬೇಕಾದವರ ಹೆಸರನ್ನು ಸ್ಪರ್ಧಿಗಳೇ ಸೂಚಿಸುವುದು) ಇತ್ತೇ, ಊಟ ಅಥವಾ ನಿದ್ದೆಗೆ ಕತ್ತರಿ ಹಾಕುವ ಟಾಸ್ಕ್ ಇತ್ತೇ, ಮದ್ಯ ಹರಿದಿತ್ತೇ, ಹಳೆಯ ಮನಸ್ತಾಪವಿರುವ ಯಾರನ್ನಾದರೂ ವೈಲ್ಡ್ ಕಾರ್ಡ್ ಮೂಲಕ, ಅಂದರೆ ಆಟದ ನಡುವೆ, ಒಳಗೆ ಬಿಡಲಾಗಿತ್ತೇ? ನಿರ್ಮಾಪಕರಿಗೆ ಸಂಭಾಷಣೆ ಬರೆದುಕೊಡುವ ಅಗತ್ಯ ಬೀಳುವುದು ಅಪರೂಪ; ಯಾರನ್ನು ಆರಿಸಬೇಕು, ಯಾರ ಪಕ್ಕ ಯಾರನ್ನು ಮಲಗಿಸಬೇಕು, ಯಾರ ಕಿವಿಗೆ ಯಾವ ಮಾತು ಬೀಳಬೇಕು ಎಂಬಷ್ಟನ್ನು ನಿರ್ಧರಿಸಿದರೆ ಉಳಿದದ್ದನ್ನು ಮನುಷ್ಯಸ್ವಭಾವವೇ ಪೂರೈಸುತ್ತದೆ. ಸಂದರ್ಶನದ ಕೋಣೆಯಲ್ಲಿ ಕೇಳುವ ಪ್ರಶ್ನೆಯೂ ಇದೇ ಕೆಲಸ ಮಾಡುತ್ತದೆ. ಪ್ರಶ್ನೆ ನಮಗೆ ಕೇಳಿಸುವುದಿಲ್ಲ, ಉತ್ತರ ಮಾತ್ರ ಕೇಳಿಸುತ್ತದೆ. ಆದ್ದರಿಂದ ಸ್ಪರ್ಧಿಯೊಬ್ಬ ಹಠಾತ್ತನೆ ಮತ್ತೊಬ್ಬರ ಹೆಸರೆತ್ತಿ ದೂರತೊಡಗಿದರೆ, ಆ ಹೆಸರನ್ನು ಮೊದಲು ಎತ್ತಿದ್ದು ಯಾರಿರಬಹುದು ಎಂದು ಅನುಮಾನಿಸುವುದು ನ್ಯಾಯವೇ.

ನನ್ನ ಎಣಿಕೆಯಲ್ಲಿ ಅತಿ ಹೆಚ್ಚು ಅನುಮಾನಕ್ಕೆ ಅರ್ಹವಾದದ್ದು ಸಂಕಲನದ ಮೇಜು, ಮತ್ತು ಸಾಮಾನ್ಯ ನೋಡುಗ ಪರೀಕ್ಷಿಸಬಹುದಾದ ಕುರುಹುಗಳೂ ಅಲ್ಲಿಯೇ ಹೆಚ್ಚು. ಬೇರೆ ಬೇರೆ ಹೊತ್ತಿನ ಮಾತುಗಳನ್ನು ಹೊಲಿದು ಒಂದೇ ವಾಕ್ಯ ಮಾಡುವುದಕ್ಕೆ ಆ ವೃತ್ತಿಯಲ್ಲಿ ‘ಫ್ರಾಂಕನ್‌ಬೈಟ್’ ಎಂಬ ಹೆಸರೇ ಇದೆ. ಅದನ್ನು ಹಿಡಿಯಬೇಕಾದರೆ, ಅತ್ಯಂತ ಘಾಟಾದ ಮಾತು ಬರುವಾಗ ಮಾತನಾಡುವವರ ತುಟಿ ತೆರೆಯ ಮೇಲಿದೆಯೇ ಎಂದು ಗಮನಿಸಿ. ಆ ಕ್ಷಣದಲ್ಲಿ ಕ್ಯಾಮೆರಾ ಕೇಳುವವರ ಮುಖಕ್ಕೋ ಖಾಲಿ ಗೋಡೆಗೋ ಜಾರಿದ್ದರೆ, ವಾಕ್ಯದ ನಡುವೆ ಧ್ವನಿಯ ಏರಿಳಿತ ಅಸಹಜವಾಗಿ ಮುರಿದಿದ್ದರೆ, ಹಿನ್ನೆಲೆಯ ಫ್ಯಾನಿನ ಸದ್ದು ತಟ್ಟನೆ ಬದಲಾಗಿದ್ದರೆ, ಆ ಮಾತು ಅಲ್ಲಿಯದೇ ಎಂದು ನಂಬಬೇಕಾಗಿಲ್ಲ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಾಣುವ ದೂರದ ಶಾಟ್ ಇರುವ ಭಾಗವನ್ನು ಹೆಚ್ಚು ನಂಬಬಹುದು. ಮುಖದಿಂದ ಮುಖಕ್ಕೆ ಹಾರುವ ಭಾಗವನ್ನು ಕಡಿಮೆ ನಂಬಬೇಕು. ಕಣ್ಣು ಹೊರಳಿಸಿದ ಪ್ರತಿಕ್ರಿಯೆ ಬೇರೆ ದಿನದ್ದಾಗಿರಬಹುದು. ಕೂದಲು, ಬಟ್ಟೆಯ ಮಡಿಕೆ, ಲೋಟದಲ್ಲಿನ ಪಾನೀಯದ ಮಟ್ಟ ಅದನ್ನು ಬಿಟ್ಟುಕೊಡುತ್ತವೆ. ಪ್ರೋಮೊದಲ್ಲಿ ಯಾರಿಗೋ ಹೇಳಿದಂತಿದ್ದ ಮಾತು ಕಂತಿನಲ್ಲಿ ಇನ್ಯಾರಿಗೋ ಹೇಳಿದ್ದಾಗಿ ಬಂದರೆ ಬೇರೆ ಸಾಕ್ಷ್ಯ ಬೇಕಾಗಿಯೇ ಇಲ್ಲ. ಸ್ಪರ್ಧಿಗಳನ್ನು ಒಂದೇ ಮನೆಯಲ್ಲಿ ಕೂಡಿಹಾಕುವ ಅಮೆರಿಕದ ‘ಬಿಗ್ ಬ್ರದರ್’ನಲ್ಲಿರುವಂತೆ ಮನೆಯೊಳಗಿನದನ್ನು ನೇರವಾಗಿ ತೋರಿಸುವ ಲೈವ್ ಫೀಡ್ ಲಭ್ಯವಿದ್ದರೆ, ಪ್ರಸಾರವಾದ ಕಂತನ್ನು ಅದರೊಡನೆ ಹೋಲಿಸುವುದಕ್ಕಿಂತ ಉತ್ತಮವಾದ ಪರೀಕ್ಷೆ ಇಲ್ಲ.

ಆದರೆ ಸಂಕಲನ ಯಾವಾಗಲೂ ಬೆಂಕಿಗೆ ತುಪ್ಪ ಸುರಿಯುತ್ತದೆ ಎಂದುಕೊಳ್ಳಬಾರದು. 2007ರಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯಲ್ಲಿ ಶಿಲ್ಪಾ ಶೆಟ್ಟಿಯವರನ್ನು ಸಹಸ್ಪರ್ಧಿ ಜೇಡ್ ಗೂಡಿ ಮತ್ತಿತರರು ನಡೆಸಿಕೊಂಡ ರೀತಿಯ ಬಗ್ಗೆ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ಗೆ 44 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು, ಮತ್ತು ಪ್ರಸಾರವಾಗದೆ ಉಳಿದ ದೃಶ್ಯಗಳಲ್ಲಿಯೂ ಆಕ್ಷೇಪಾರ್ಹ ಮಾತುಗಳಿದ್ದವೆಂಬುದು ತನಿಖೆಯಲ್ಲಿ ಹೊರಬಂತು. ಅಲ್ಲಿ ಕತ್ತರಿ ವಿವಾದವನ್ನು ಒಂದಿಷ್ಟು ಮುಚ್ಚಿಟ್ಟಿತ್ತು. ಈ ಪ್ರಕರಣ ನೆಚ್ಚಬಹುದಾದ ಇನ್ನೊಂದು ಅಳತೆಗೋಲನ್ನೂ ಕೊಡುತ್ತದೆ: ಯಾರಿಗೆ ನಷ್ಟವಾಯಿತು? ಪ್ರಾಯೋಜಕರಾಗಿದ್ದ ಕಾರ್‌ಫೋನ್ ವೇರ್‌ಹೌಸ್ ಹಿಂದೆ ಸರಿಯಿತು, ಆಫ್‌ಕಾಮ್ ತನ್ನ ತೀರ್ಪನ್ನು ಚಾನೆಲ್ 4ರ ತೆರೆಯ ಮೇಲೆಯೇ ಪ್ರಸಾರ ಮಾಡಿಸಿತು. ಹೂಡಿದ ವಿವಾದಗಳು ಸಾಮಾನ್ಯವಾಗಿ ಪ್ರಾಯೋಜಕ ಬೆದರುವ ಗೆರೆಗಿಂತ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತವೆ. ಆ ಗೆರೆ ದಾಟಿದ ಜಗಳದಲ್ಲಿ ವ್ಯಕ್ತಿಗಳನ್ನು ಆರಿಸಿ ಕೂಡಿಹಾಕಿದ್ದು ನಿರ್ಮಾಪಕರೇ ಆದರೂ ಮಾತು ಮಾತ್ರ ಆಡಿದವರದೇ ಇರುವ ಸಾಧ್ಯತೆ ಹೆಚ್ಚು.

ಸ್ಪರ್ಧಿಗಳೇ ಹೂಡಿದ ಆಟವನ್ನು ಗುರುತಿಸಲು ಕಾಲವನ್ನು ನೋಡಬೇಕು. ಮತದಾನ ಹತ್ತಿರವಾದಾಗ ಮಾತ್ರ ಕೆರಳುವವರು, ಕ್ಯಾಮೆರಾ ಇರುವ ಮೂಲೆಗೆ ಬಂದೇ ಅಳುವವರು, ಒಂದೇ ಚುರುಕು ವಾಕ್ಯವನ್ನು ಬೇರೆ ಬೇರೆ ಜನರೆದುರು ಅಕ್ಷರ ಬಿಡದೆ ಒಪ್ಪಿಸುವವರು ‘ಫೂಟೇಜ್’ಗಾಗಿ, ಅಂದರೆ ತೆರೆಯ ಮೇಲೆ ಹೆಚ್ಚು ಹೊತ್ತು ಕಾಣಿಸಿಕೊಳ್ಳಲು, ದುಡಿಯುತ್ತಿದ್ದಾರೆ ಎನ್ನಲು ಆಧಾರವಿದೆ. ಹಿಂದಿನ ಸೀಸನ್‌ಗಳನ್ನು ಅರೆದು ಕುಡಿದು ಬಂದವರಿಗೆ ಖಳನ ಪಾತ್ರಕ್ಕೂ ಮಾರುಕಟ್ಟೆಯಿದೆ ಎಂಬುದು ಗೊತ್ತಿರುತ್ತದೆ. ಬ್ರಿಟನ್ನಿನ ‘ಬಿಗ್ ಬ್ರದರ್’ನ ಮೊದಲ ಸೀಸನ್‌ನಲ್ಲಿ, 2000ದಲ್ಲಿ, ನಿಕ್ ಬೇಟ್‌ಮನ್ ಹೆಸರುಗಳನ್ನು ಬರೆದ ಚೀಟಿ ತೋರಿಸಿ ನಾಮಿನೇಷನ್ ಮೇಲೆ ಪ್ರಭಾವ ಬೀರಲು ಹೋಗಿ ಸಿಕ್ಕಿಬಿದ್ದು ಮನೆಯಿಂದ ಹೊರಹಾಕಲ್ಪಟ್ಟರು. ಸಂಚು ಸ್ಪರ್ಧಿಯದು, ಅದರಿಂದ ಬಂದ ಪ್ರಚಾರ ವಾಹಿನಿಯದು: ಹೂಡಿದವರು ಮತ್ತು ಲಾಭ ಪಡೆದವರು ಬೇರೆ ಬೇರೆಯಾಗಿರಬಹುದು.

ಹೊರಬಂದವರ ಹೇಳಿಕೆಗಳನ್ನು ತೂಗುವಾಗ ಅವರ ಗೋಪ್ಯತೆಯ ಕರಾರನ್ನೂ ಅವರ ಅಸಮಾಧಾನವನ್ನೂ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹರಾಜಿನ ಗೋದಾಮುಗಳಲ್ಲಿ ಬೆಲೆಬಾಳುವ ವಸ್ತುಗಳನ್ನು ಮೊದಲೇ ಇಡಲಾಗುತ್ತಿತ್ತೆಂದು ಗೋದಾಮುಗಳ ಹರಾಜನ್ನು ತೋರಿಸುವ ಅಮೆರಿಕದ ಕಾರ್ಯಕ್ರಮ ‘ಸ್ಟೋರೇಜ್ ವಾರ್ಸ್’ನ ಕೊಳ್ಳುಗ ಡೇವ್ ಹೆಸ್ಟರ್ 2012ರಲ್ಲಿ ದಾವೆ ಹೂಡಿದರು, ಅದು ಕೊನೆಗೆ ರಾಜಿಯಲ್ಲಿ ಮುಗಿಯಿತು. ರಾಜಿಯೆಂದರೆ ಆರೋಪ ಸಾಬೀತಾಯಿತೆಂದಲ್ಲ, ಸುಳ್ಳೆಂದೂ ಅಲ್ಲ. ಒಬ್ಬರೇ ಹೇಳಿದ್ದನ್ನು ಹೇಳಿಕೆಯೆಂದೇ ಇಟ್ಟುಕೊಳ್ಳಿ. ಬೇರೆ ಬೇರೆ ಸೀಸನ್‌ಗಳ, ಪರಸ್ಪರ ಸ್ನೇಹವಿಲ್ಲದ ಹಲವರು ಒಂದೇ ವಿಧಾನವನ್ನು ವಿವರಿಸಿದಾಗ ಮಾತ್ರ ಅದನ್ನು ಸಾಕ್ಷ್ಯದ ಮಟ್ಟಕ್ಕೆ ಏರಿಸಿ.

ಕೊನೆಯ ಕೈ, ಸುದ್ದಿ ಮಾಡಿದವರದು, ಬೇಗ ಸಿಕ್ಕಿಬೀಳುತ್ತದೆ. ತುಣುಕು ಮೊದಲು ಕಾಣಿಸಿಕೊಂಡಿದ್ದು ವಾಹಿನಿಯ ಖಾತೆಯಲ್ಲೋ, ಸ್ಪರ್ಧಿಯ ಪ್ರಚಾರ ತಂಡದ ಖಾತೆಯಲ್ಲೋ, ಅಭಿಮಾನಿಯ ಖಾತೆಯಲ್ಲೋ ಎಂದು ಹುಡುಕಿ, ಕಂತು ಪ್ರಸಾರವಾಗುವ ಮುನ್ನವೇ ಶೀರ್ಷಿಕೆ ಸಿದ್ಧವಾಗಿತ್ತೇ ಎಂದು ನೋಡಿ. ಬಳಿಕ ನಿಮ್ಮ ತೀರ್ಮಾನವನ್ನು ಒಂದೇ ಪದದಲ್ಲಿ ಬರೆಯದೆ, ‘ಸನ್ನಿವೇಶ ನಿರ್ಮಾಪಕರದು, ಮೊದಲ ಬೈಗುಳ ಸ್ಪರ್ಧಿಯದು, ಎರಡನೆಯದು ಹೊಲಿಗೆ ಹಾಕಿದ್ದಿರಬಹುದು, ಪ್ರಚಾರ ಇಬ್ಬರದೂ’ ಎಂಬಂತೆ ಬಿಡಿಸಿ ಬರೆಯಿರಿ, ಮತ್ತು ಪ್ರಸಾರವಾಗದ ದೃಶ್ಯ ಹೊರಬಂದ ದಿನ ಅದನ್ನು ತಿದ್ದಲು ಜಾಗ ಬಿಟ್ಟಿರಿ.