ಗಿಟಾರಿನ ಕುತ್ತಿಗೆಗೆ ಅಗಸೆ ಎಣ್ಣೆ

ನನ್ನ ಮೊಮ್ಮಗ ಬಾಸ್ ಗಿಟಾರ್ ನುಡಿಸುತ್ತಾನೆ. ನಾಲ್ಕು ದಪ್ಪ ತಂತಿ, ಉದ್ದನೆಯ ಕುತ್ತಿಗೆ. ಆ ಕುತ್ತಿಗೆಗೆ ಅವರೆಲ್ಲ ನೆಕ್ ಅಂತಾರೆ. ಹೋದ ವರ್ಷ ಬೇಸಿಗೆ ರಜೆಯಲ್ಲಿ "ಅಜ್ಜಿ, ಇದರ ಬೆನ್ನು ಅಂಟಂಟು. ಕೈ ಜಾರೋದೇ ಇಲ್ಲ" ಅಂತ ತಂದು ತೋರಿಸಿದ. ಮುಟ್ಟಿ ನೋಡಿದೆ. ಕಾರ್ಖಾನೆಯಲ್ಲಿ ಗಾಜಿನಂತೆ ಹೊಳೆಯುವ ಲ್ಯಾಕರ್ ಬಳಿದಿದ್ದರು. ಪುಣೆಯ ಮೇ ತಿಂಗಳ ಬೆವರಿಗೆ ಅಂಗೈ ಅದನ್ನು ಹಿಡಿದುಕೊಳ್ಳುತ್ತಿತ್ತು. ಅದನ್ನು ತೆಗೆದು, ಕಂದು ಬಣ್ಣ ಕೊಟ್ಟು, ಎಣ್ಣೆ ಹಚ್ಚಬೇಕು ಅನ್ನೋದು ಅವನ ಆಸೆ.

ನಾನು ಧಾರವಾಡದಿಂದ ಪುಣೆಯ ಕೋಥ್ರೂಡಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಈ ಮನೆಯ ಸಾಗವಾನಿ ಬಾಗಿಲಿಗೆ, ದೇವರ ಮಂಟಪಕ್ಕೆ, ತೂಗುಮಣೆಗೆ ಎಣ್ಣೆ ಹಚ್ಚಿದ್ದು ನಾನೇ. ಮರ ಯಾವುದಾದರೇನು, ಕೈ ಹೇಳುವುದು ಒಂದೇ ಅಲ್ವಾ? ಆದರೆ ಡಿಸೆಂಬರ್ ತನಕ ಕಾಯೋಣ ಅಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಎಣ್ಣೆ ಹೇಗೆ ಒಣಗೀತು? ಮುಂಬೈ, ಗೋವಾದಲ್ಲಿ ಇರುವವರು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ, ಬೆಲೆಬಾಳುವ ವಾದ್ಯವಾದರೆ ಮುಟ್ಟಬೇಡಿ. ಮೂಲ ಲ್ಯಾಕರ್ ಹೋದರೆ ಅದರ ಬೆಲೆಯೂ ಇಳಿಯುತ್ತದೆ. ಇವನದು ಸಾಧಾರಣ ಗಿಟಾರ್, ಅದಕ್ಕೇ ಒಪ್ಪಿದೆ.

ತಂತಿಗಳನ್ನು ಒಮ್ಮೆಗೇ ಕತ್ತರಿಸಬೇಡಿ, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಗಿದ ತಂತಿಗಳು ಒಟ್ಟು 70 ಕಿಲೋಗಿಂತ ಜಾಸ್ತಿ ಬಲದಿಂದ ಆ ಕುತ್ತಿಗೆಯನ್ನು ಎಳೆಯುತ್ತಿರುತ್ತವೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ. ಬಿರಡೆಗಳನ್ನೂ ತೆಗೆದಿಡಿ. ಯಾವ ಸ್ಕ್ರೂ ಯಾವ ತೂತಿನದು ಅಂತ ಒಂದು ರಟ್ಟಿನ ಮೇಲೆ ನೆಕ್‌ನ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ. ಹೊಲಿಗೆ ಯಂತ್ರ ಬಿಚ್ಚುವಾಗಲೂ ನಾನು ಹೀಗೇ ಮಾಡುತ್ತೇನೆ.

ಇವನ ನೆಕ್ ಮೇಪಲ್ ಮರದ್ದು, ಮೇಲೆ ಬೆರಳಿಡುವ ಪಟ್ಟಿ ಬೀಟೆ ಮರದ್ದು. ಬೀಟೆಗೆ ಈ ಬಣ್ಣವೂ ಬೇಡ, ಈ ಎಣ್ಣೆಯೂ ಬೇಡ. ಪಟ್ಟಿಯ ಅಂಚಿಗೆ, ತಂತಿ ಕೂರುವ ನಟ್‌ಗೆ, ನೆಕ್‌ನ ಬಾಗು ಸರಿಮಾಡಲು ಒಳಗಿರುವ ಕಬ್ಬಿಣದ ಸರಳನ್ನು ತಿರುಗಿಸುವ ತೂತಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ತಲೆಯ ಮೇಲಿನ ಕಂಪನಿ ಹೆಸರು ಉಳಿಯಬೇಕು ಅಂದರೆ ಅಲ್ಲಿಗೂ ಟೇಪ್ ಬೇಕು. ಒಮ್ಮೆ ಉಜ್ಜಿದರೆ ಅದು ವಾಪಸ್ ಬರುವುದಿಲ್ಲ.

ಲ್ಯಾಕರ್ ತೆಗೆಯುವುದೇ ದೊಡ್ಡ ಕೆಲಸ. ಮೂಗಿಗೆ ಮಾಸ್ಕ್ ಹಾಕಿಕೊಂಡು 120 ನಂಬರಿನ ಪಾಲಿಶ್ ಪೇಪರ್‌ನಿಂದ ಶುರು ಮಾಡಿ, 180, ಆಮೇಲೆ 240. ಮರದ ಎಳೆ ಓಡುವ ದಿಕ್ಕಿನಲ್ಲೇ ಉದ್ದಕ್ಕೆ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಈಗ ಕಾಣುವುದಿಲ್ಲ. ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಲ್ಯಾಕರ್ ಹೋಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಒದ್ದೆ ಬೆರಳಿನಿಂದ ಒಂದು ಹನಿ ನೀರಿಡಿ. ಹನಿ ಮಣಿಯಂತೆ ನಿಂತರೆ ಲ್ಯಾಕರ್ ಇನ್ನೂ ಇದೆ. ಹರಡಿ ಕಪ್ಪಾದರೆ ಮರ ಬಂತು. ಮರ ಬಂದ ಕೂಡಲೇ ಕೈ ಬಿಗಿ ಹಿಡಿಯಿರಿ. ಸುಮ್ನೆ ಉಜ್ಜುತ್ತಾ ಹೋದರೆ ಕುತ್ತಿಗೆಯ ಆಕಾರವೇ ಬದಲಾಗುತ್ತದೆ. ಗಿಟಾರಿನ ಒಡಲೊಳಗೆ ಕೂರುವ ಬುಡವನ್ನಂತೂ ಉಜ್ಜಲೇಬೇಡಿ. ಅಲ್ಲಿ ಒಂದು ಕೂದಲಿನಷ್ಟು ಸವೆದರೂ ಬಿಗಿಯಾಗಿ ಕೂರುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಮೇಪಲ್ ಹಟಮಾರಿ ಮರ. ಸಾಗವಾನಿ ಬಣ್ಣವನ್ನು ಸಮವಾಗಿ ಕುಡಿಯುತ್ತದೆ. ಇದು ಒಂದು ಕಡೆ ಕುಡಿದು ಇನ್ನೊಂದು ಕಡೆ ಬಿಡುತ್ತದೆ. ಚಿಬ್ಬು ಚಿಬ್ಬಾಗಿ ಕಾಣುತ್ತದೆ. ಅದಕ್ಕೆ ನಾನು ಅರಗಿನ ಪಾಲಿಶನ್ನು ಸ್ಪಿರಿಟ್‌ನಲ್ಲಿ ನೀರಿನಷ್ಟು ತೆಳು ಮಾಡಿ ಒಂದೇ ಒಂದು ಕೈ ಹಚ್ಚಿಸಿದೆ. ಒಣಗಿದ ಮೇಲೆ 320ರ ಪೇಪರ್‌ನಿಂದ ಹಗುರವಾಗಿ ಸವರಿದೆವು. ಬಣ್ಣ ಸ್ವಲ್ಪ ತಿಳಿಯಾಗಿ ಕೂತಿತು, ಆದರೆ ಸಮವಾಗಿ ಕೂತಿತು. ಗಾಢ ಬಣ್ಣವೇ ಬೇಕು ಅನ್ನುವವರು ಅರಗು ಬಿಟ್ಟುಬಿಡಿ. ಬದಲಿಗೆ ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಎದ್ದ ಎಳೆಗಳನ್ನು 320ರಲ್ಲಿ ಸವರಿಕೊಳ್ಳಿ. ಇಲ್ಲವಾದರೆ ನೀರಿನ ಬಣ್ಣ ತಾಗಿದ ಕೂಡಲೇ ಮೇಲ್ಮೈ ಒರಟಾಗುತ್ತದೆ.

ನೀರಿನಲ್ಲಿ ಕರಗುವ ಪುಡಿ ಬಣ್ಣ ಹೊಸಬರಿಗೆ ಒಳ್ಳೆಯದು. ಸ್ಪಿರಿಟ್ ಬಣ್ಣ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಣಗುತ್ತದೆ. ಎರಡನೇ ಸಲ ಬಟ್ಟೆ ಎಳೆದ ಕಡೆ ಪಟ್ಟೆ ಬೀಳುತ್ತದೆ. ಮೊದಲು ಮೇಪಲ್‌ನ ಬೇರೆ ತುಂಡಿನ ಮೇಲೆ ಹಚ್ಚಿ ನೋಡಿ.  ತಲೆಯ ಅಂಚಿನಲ್ಲಿ ಮರದ ಎಳೆ ಕತ್ತರಿಸಿ ನಿಂತಿರುತ್ತದೆ, ಅಲ್ಲಿ ಬಣ್ಣ ಜಾಸ್ತಿ ಹೀರುತ್ತದೆ. ಆ ಕಡೆಗೆ ಬಟ್ಟೆ ಹಿಂಡಿಕೊಂಡು ಹೋಗಿ. ಬಣ್ಣ ಹಚ್ಚಿದ ಮೇಲೆ ಒಂದು ರಾತ್ರಿ ಬಿಡಿ. ಆಮೇಲೆ ಪೇಪರ್ ಮುಟ್ಟಬೇಡಿ. ಉಜ್ಜಿದರೆ ಬಿಳಿ ಮರ ಮತ್ತೆ ಇಣುಕುತ್ತದೆ.

ಇನ್ನು ಎಣ್ಣೆ. ಮೊಮ್ಮಗನ ಗೆಳೆಯನೊಬ್ಬ ತನ್ನ ಗಿಟಾರಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದನಂತೆ. ಕೇಳಿ ನನಗೆ ಸಂಕಟವಾಯಿತು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಯಾವತ್ತೂ ಒಣಗುವುದಿಲ್ಲ. ಮರದೊಳಗೆ ಹಾಗೇ ಕೂತು ಕನರು ವಾಸನೆ ಬರುತ್ತದೆ, ಧೂಳು ಹಿಡಿಯುತ್ತದೆ. ಬೇಕಾದದ್ದು ಗಾಳಿ ತಾಗಿ ಗಟ್ಟಿಯಾಗುವ ಎಣ್ಣೆ. ನಮ್ಮ ಕಡೆ ಹಿಂಡಿ ಕುಟ್ಟುವ ಅಗಸಿಯ ಎಣ್ಣೆ ಅಂಥದ್ದು. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತೆಳ್ಳನೆಯ ಪೊರೆಯಾಗುತ್ತದೆ. ಆದರೆ ತಿನ್ನಲು ಮಾರುವ ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಹಿಡಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ನಾವು ರವಿವಾರ ಪೇಠೆಯ ಬೋಹರಿ ಆಳಿಯಿಂದ ತಂದೆವು. ಟರ್ಪೆಂಟೈನ್, ಪಾಲಿಶ್ ಪೇಪರ್ ಕೂಡ ಅಲ್ಲೇ ಸಿಕ್ಕಿತು. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ, ಬಾಯಿಗೆ ಹೋಗಬಾರದು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಟಂಗ್ ಮರದ ಬೀಜದ ಎಣ್ಣೆ ಸಿಕ್ಕರೆ ಅದು ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಬೆಲೆ ಜಾಸ್ತಿ.

ನನ್ನ ತಂಬೂರಿ ಮೀರಜಿನದು. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ. ತುಣಿ ಮರದ ಆ ಕುತ್ತಿಗೆಗೆ ಅರಗಿನ ಪಾಲಿಶ್ ಇದೆ. "ನನ್ನದಕ್ಕೂ ಅದನ್ನೇ ಪೂರ್ತಿ ಹಚ್ಚೋಣ" ಅಂದ ಮೊಮ್ಮಗ. ಬೇಡ ಅಂದೆ. ತಂಬೂರಿಯ ಕುತ್ತಿಗೆ ಹೆಗಲಿಗೆ ಒರಗಿರುತ್ತದೆ, ಅದರ ಮೇಲೆ ಕೈ ಓಡುವುದಿಲ್ಲ. ಗಿಟಾರಿನ ಮೇಲೆ ಹೆಬ್ಬೆರಳು ಗಂಟೆಗಟ್ಟಲೆ ಮೇಲೆ ಕೆಳಗೆ ಓಡುತ್ತದೆ. ಅಲ್ಲಿ ಪೊರೆ ದಪ್ಪ ಇರಬಾರದು, ಮರವೇ ಕೈಗೆ ಸಿಗಬೇಕು.

ಮೊದಲ ಕೈಗೆ ಎಣ್ಣೆ ಅರ್ಧ, ಟರ್ಪೆಂಟೈನ್ ಅರ್ಧ. ಹಳೆ ಬನಿಯನ್ ತುಂಡಿನಿಂದ ಧಾರಾಳವಾಗಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಆಮೇಲೆ ಒಂದು ಹನಿಯೂ ಉಳಿಯದಂತೆ ಒಣ ಬಟ್ಟೆಯಿಂದ ಒರೆಸಿ. ಹಚ್ಚುವುದಕ್ಕಿಂತ ಈ ಒರೆಸುವುದೇ ಮುಖ್ಯ. ಒರೆಸದೆ ಬಿಟ್ಟ ಎಣ್ಣೆ ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ, ಲ್ಯಾಕರೇ ವಾಸಿ ಅನ್ನಿಸುತ್ತದೆ. ಹಾಗೇನಾದರೂ ಆದರೆ ಟರ್ಪೆಂಟೈನ್ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಒಂದು ಪೂರ್ತಿ ದಿನ ಬಿಟ್ಟು ಎರಡನೇ ಕೈ, ಬರೀ ಎಣ್ಣೆ, ತೀರ ತೆಳುವಾಗಿ. ಹೀಗೆ ನಾಲ್ಕು ಕೈ ಆಯಿತು. ಮೂರನೆಯದರ ಮೇಲೆ ನಾಲ್ಕು ಸೊನ್ನೆಯ (0000, ತೀರ ನಯವಾದ) ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಸವರಿದೆವು. ಅದರ ಪುಡಿ ಗಿಟಾರಿನ ಒಡಲ ಮೇಲೆ ತಂತಿಯ ನಾದ ಹಿಡಿಯುವ ಪಿಕಪ್ ಒಳಗಿನ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಒಡಲನ್ನು ಬೇರೆ ಕೋಣೆಯಲ್ಲಿ ಬಟ್ಟೆ ಸುತ್ತಿ ಇಡಿ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ತುಂಬ ವರ್ಷಗಳ ಹಿಂದೆ ಬಾಗಿಲಿಗೆ ಎಣ್ಣೆ ಹಚ್ಚಿ, ಬಟ್ಟೆಗಳನ್ನು ಪ್ಲಾಸ್ಟಿಕ್ ಬುಟ್ಟಿಗೆ ತುರುಕಿ ಬಾಲ್ಕನಿಯಲ್ಲಿ ಇಟ್ಟಿದ್ದೆ. ಸಂಜೆ ಸುಟ್ಟ ವಾಸನೆ ಬಂತು. ಕೈ ಹಾಕಿದರೆ ಉಂಡೆಯ ನಡುವೆ ಬಿಸಿ ರೊಟ್ಟಿಯ ಹಾಗೆ ಕಾವು. ಯಾರೂ ಬೆಂಕಿ ತಾಗಿಸಿರಲಿಲ್ಲ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಬಟ್ಟೆ ಹರವಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಉಂಡೆಯಲ್ಲಿ ಹೊರಗೆ ದಾರಿ ಇಲ್ಲದೆ ಏರುತ್ತಾ ಏರುತ್ತಾ ಬಟ್ಟೆಯೇ ಹೊತ್ತಿಕೊಳ್ಳುತ್ತದೆ. ಆವತ್ತು ನಾವು ಸಿನಿಮಾಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ನಡುಗುತ್ತದೆ. ಪ್ರತಿ ಸಲ ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ. ಇಲ್ಲವೇ ಮನೆಯ ಹೊರಗೆ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವಿ. ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ. ಮನೆಗೆಲಸಕ್ಕೆ ಬರುವವರಿಗೂ ಮೊದಲೇ ಹೇಳಿಡಿ. ಅವರು ಚೊಕ್ಕ ಮಾಡಲೆಂದು ಎಲ್ಲವನ್ನೂ ಒಟ್ಟು ಮಾಡಿಬಿಡುತ್ತಾರೆ.

ಕೊನೆಯ ಕೈ ಆದ ಮೇಲೆ ಎರಡು ವಾರ ನೆಕ್ಕನ್ನು ನೆರಳಿನಲ್ಲಿ ತೂಗುಹಾಕಿದ್ದೆವು. ತಲೆಯ ತೂತಿಗೆ ದಾರ ಕಟ್ಟಿ, ಅಡುಗೆಮನೆಯ ಹಬೆಯಿಂದ ದೂರ. ಆಮೇಲೆ ಸ್ವಲ್ಪ ಜೇನುಮೇಣ ತಿಕ್ಕಿ, ಬಿರಡೆ, ತಂತಿ ಕೂರಿಸಿದ. ತಂತಿ ಬಿಗಿದ ಮೇಲೆ ಮರ ಒಂದೆರಡು ದಿನ ಹೊಂದಿಕೊಳ್ಳುತ್ತದೆ. ಒಳಗಿನ ಸರಳನ್ನು ತಿರುಗಿಸುವುದಿದ್ದರೆ ಆ ಮೇಲೆಯೇ, ಅದೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಎಣ್ಣೆ ಲ್ಯಾಕರ್‌ನಷ್ಟು ಗಟ್ಟಿ ಕಾವಲಲ್ಲ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಬೆವರು ಒರೆಸಬೇಕು, ವರ್ಷಕ್ಕೊಮ್ಮೆ ದೀಪಾವಳಿ ಆದ ಮೇಲೆ ಒಂದು ತೆಳು ಕೈ ಎಣ್ಣೆ ಕೊಡಬೇಕು.

ಉಳಿದ ಎಣ್ಣೆಯ ಬಾಟಲಿಯಲ್ಲಿ ಗಾಳಿ ಇದ್ದರೆ ಅದು ಒಳಗೇ ಕೆನೆ ಕಟ್ಟುತ್ತದೆ. ಮೊಮ್ಮಗನ ಹಳೆಯ ಗಾಜಿನ ಗೋಲಿಗಳನ್ನು ಒಂದೊಂದಾಗಿ ಹಾಕಿ, ಎಣ್ಣೆ ಕುತ್ತಿಗೆಯವರೆಗೆ ಏರಿದ ಮೇಲೆ ಮುಚ್ಚಳ ಬಿಗಿದೆ. ಮೇಲೆ ಕೆಂಪು ಅಕ್ಷರದಲ್ಲಿ "ತಿನ್ನುವುದಲ್ಲ" ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿ, ಅಟ್ಟದ ಮೇಲಿನ ಉಪಕರಣದ ಡಬ್ಬಿಯಲ್ಲಿ ಇಟ್ಟಿದ್ದೇನೆ.