ಅತ್ತೆಯ ಲ್ಯಾಪ್‌ಟಾಪ್‌ಗೆ ಬೇರೆ ಡಿಎನ್‌ಎಸ್ ಹಾಕಿದ್ದು

ಕಳೆದ ಮಳೆಗಾಲದ ಒಂದು ಸಂಜೆ ಶಿರಸಿಯಿಂದ ಅತ್ತೆಯ ಫೋನ್. "ವೈಫೈ ಪೂರ್ತಿ ಇದ್ಯೋ, ಆದ್ರೆ ಒಂದು ಸೈಟೂ ತೆರೀತಿಲ್ಲ." ಮಳೆಗೆ ಕೇಬಲ್ ಹೋಗಿರಬೇಕು ಅಂದುಕೊಂಡೆ. ಆದರೂ ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆಸಿ, ಪಿಂಗ್ ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಗೂಗಲ್‌ನ ಒಂದು ಸರ್ವರಿನ ನಂಬರು 8.8.8.8 ಹಾಕಲು ಹೇಳಿದೆ. ಆ ಕಡೆಯಿಂದ ಉತ್ತರ ಬರುತ್ತದೋ ಅಂತ ನೋಡುವ ಆಜ್ಞೆ ಅದು. ಪಟಪಟ ನಾಲ್ಕು ಸಾಲು ಉತ್ತರ ಬಂತು. ಅದೇ ಪಿಂಗ್ ಮುಂದೆ ಬ್ಯಾಂಕಿನ ಸೈಟಿನ ಹೆಸರು ಹಾಕಿದರೆ, ಅಂಥ ಹೋಸ್ಟ್ ಸಿಗಲಿಲ್ಲ ಅಂತು. ಅಂದರೆ ರಸ್ತೆ ಸರಿ ಇದೆ, ವಿಳಾಸ ಹೇಳಬೇಕಾದವನೇ ಕೈಕೊಟ್ಟಿದ್ದಾನೆ.

ಸೈಟಿನ ಹೆಸರು ಕೊಟ್ಟರೆ ಅದರ ನಂಬರು ಹೇಳುವವನೇ ಡಿಎನ್‌ಎಸ್ ಸರ್ವರ್. ನಾವು ಏನೂ ಮುಟ್ಟದಿದ್ದರೆ ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯದ್ದೇ ಇರುತ್ತದೆ. ಬದಲಿಗೆ ಗೂಗಲ್‌ನ 8.8.8.8 ಇದೆ, ಅದು 2009ರಿಂದಲೂ ಇದೆ. ಅಪಾಯಕಾರಿ ಸೈಟುಗಳನ್ನು ತಡೆಯುವ ಕ್ವಾಡ್9ನ 9.9.9.9 ಇದೆ. ನಾನು ಹಾಕಿಸಿದ್ದು ಕ್ಲೌಡ್‌ಫ್ಲೇರ್‌ನ 1.1.1.1. ಅದು ಶುರುವಾದದ್ದು 2018ರ ಏಪ್ರಿಲ್ 1ರಂದು, ಮೂರ್ಖರ ದಿನ. ತಮಾಷೆ ಅಂದುಕೊಂಡವರೇ ಜಾಸ್ತಿ ಇದ್ದಿರಬೇಕು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ ಅಂತ ಹೋಗಿ. ಇಲ್ಲಿ ಸ್ವಲ್ಪ ನಿಲ್ಲಿ. ಎರಡು ಬಾಗಿಲು ಕಾಣುತ್ತವೆ. ಒಂದರ ಮೇಲೆ ನಿಮ್ಮ ಮನೆಯ ವೈಫೈ ಹೆಸರಿನ ಜೊತೆ ಪ್ರಾಪರ್ಟೀಸ್ ಅಂತಿರುತ್ತದೆ, ಇನ್ನೊಂದು ಹಾರ್ಡ್‌ವೇರ್ ಪ್ರಾಪರ್ಟೀಸ್. ಎರಡನೆಯದರಲ್ಲಿ ಹಾಕಿದ್ದು ಎಲ್ಲ ವೈಫೈಗೂ ಅನ್ವಯಿಸುತ್ತದೆ. ಒಮ್ಮೆ ನನ್ನ ಲ್ಯಾಪ್‌ಟಾಪಿಗೆ ಹಾಗೆ ಮಾಡಿಕೊಂಡು, ಒಂದು ಲಾಡ್ಜಿನಲ್ಲಿ ಲಾಗಿನ್ ಪುಟವೇ ಬರದೆ ಅರ್ಧ ರಾತ್ರಿ ಒದ್ದಾಡಿದ್ದೇನೆ. ಅದಕ್ಕೇ ಮೊದಲನೆಯದನ್ನೇ ಒತ್ತಿ.

ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎದುರಿನ ಎಡಿಟ್ ಒತ್ತಿ, ಆಟೊಮ್ಯಾಟಿಕ್ ತೆಗೆದು ಮ್ಯಾನುಯಲ್ ಮಾಡಿ. ಐಪಿವಿ4 (ಚುಕ್ಕೆ ಇಟ್ಟು ಬರೆಯುವ ಹಳೆಯ ಬಗೆಯ ನಂಬರು) ಆನ್ ಮಾಡಿ ಪ್ರಿಫರ್ಡ್‌ನಲ್ಲಿ 1.1.1.1, ಆಲ್ಟರ್ನೇಟ್‌ನಲ್ಲಿ 1.0.0.1 ಬರೆಯಿರಿ. ಅತ್ತೆ ಚುಕ್ಕೆಯ ಬದಲು ಕಾಮಾ ಹಾಕಿದ್ದರು, ಅದು ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಕಂಡರೆ ಆನ್ ಮಾಡಿ. ಆಗ ನೀವು ಯಾವ ಹೆಸರು ಕೇಳಿದಿರಿ ಅನ್ನುವುದನ್ನು ದಾರಿಯಲ್ಲಿ ಯಾರೂ ಓದಲಾರರು.

ಐಪಿವಿ6, ಅಂದರೆ ಹೊಸ ಬಗೆಯ ಉದ್ದ ನಂಬರು ಇರುವ ಲೈನ್ ಆದರೆ ಅದನ್ನೂ ತುಂಬಿ: 2606:4700:4700::1111, ಮತ್ತು ಕೊನೆಗೆ 1001 ಇರುವ ಅದರ ಜೋಡಿ. ಬಿಟ್ಟರೆ ಕಂಪ್ಯೂಟರ್ ಸುಮ್ನೆ ಹಳೆಯವನನ್ನೇ ಕೇಳುತ್ತಾ ಕೂರಬಹುದು. ಸೇವ್ ಒತ್ತಿ, ಬ್ರೌಸರ್ ಮುಚ್ಚಿ ತೆರೆಯಿರಿ.

ಡೌನ್‌ಲೋಡ್ ವೇಗ ಇದರಿಂದ ಹೆಚ್ಚುವುದಿಲ್ಲ. ಆಫೀಸಿನ ಲ್ಯಾಪ್‌ಟಾಪಿಗೆ ಮಾತ್ರ ಕೇಳದೆ ಹೀಗೆ ಮಾಡಬೇಡಿ, ಒಳಗಿನ ಸೈಟುಗಳು ನಿಂತುಹೋಗಬಹುದು. ಹಳೆಯದೇ ಬೇಕೆಂದರೆ ಅದೇ ಜಾಗದಲ್ಲಿ ಮತ್ತೆ ಆಟೊಮ್ಯಾಟಿಕ್ ಮಾಡಿದರಾಯಿತು. ಅತ್ತೆ ಇನ್ನೂ ಮಾಡಿಲ್ಲ. ಯಾಕೆಂದರೆ ಆ ಪುಟ ಎಲ್ಲಿತ್ತು ಅಂತಲೇ ಅವರಿಗೆ ನೆನಪಿಲ್ಲ.