8085 ಕಿಟ್‌ನಲ್ಲಿ ಕೂಡಿಸಿದ್ದು: ನನ್ನ ಅನುಭವ

ಅಕ್ಕನ ಮಗ ಡಿಪ್ಲೊಮಾ ಓದ್ತಿದಾನೆ, ಮನೇಲೂ ಪ್ರಾಕ್ಟೀಸ್ ಆಗ್ಲಿ ಅಂತ ಎಸ್‌ಪಿ ರೋಡಲ್ಲಿ ಹುಡುಕಿ ಒಂದು ಹಳೇ 8085 ಟ್ರೈನರ್ ಕಿಟ್ ತಂದೆ, 8085 ಅನ್ನೋ ಮೈಕ್ರೊಪ್ರೊಸೆಸರ್ ಚಿಪ್ಪನ್ನ ಕೀಪ್ಯಾಡಿಂದ ನಡೆಸಿ ಕಲಿಯೋ ಬೋರ್ಡು. ಇಂಟೆಲ್ 1976ರಲ್ಲಿ ಬಿಟ್ಟ ಚಿಪ್ಪು ಇನ್ನೂ ಪಾಠಕ್ಕೆ ಬರ್ತಿದೆ ಅಂತ ನಗೋರಿದಾರೆ, ನಗ್ಲಿ ಬಿಡಿ, ರಿಜಿಸ್ಟರ್ (ಚಿಪ್ಪೊಳಗೆ ಸಂಖ್ಯೆ ಇಟ್ಕೊಳೋ ಪುಟ್ಟ ಡಬ್ಬಿ) ಒಳಗೆ ಏನಾಗತ್ತೆ ಅಂತ ಕಣ್ಣಾರೆ ನೋಡೋಕೆ ಇದೇ ಸರಿ.

ಎ ರಿಜಿಸ್ಟರಿಗೆ 98, ಬಿಗೆ 78 ಹಾಕಿಸ್ದೆ, ಎರಡೂ ಹೆಕ್ಸ್, ಅಂದ್ರೆ 16ರ ಲೆಕ್ಕದ ಸಂಖ್ಯೆ. ಕೀಪ್ಯಾಡಲ್ಲಿ ಒತ್ತಿದ್ದು 3ಇ 98, 06 78, 80, ಅಷ್ಟೇ. 3ಇ, 06 ಅಂದ್ರೆ ಮುಂದಿನ ಸಂಖ್ಯೆನ ಎಗೆ, ಬಿಗೆ ಹಾಕೋ ಎಂವಿಐ, ಆ 80 ಅಂದ್ರೆ ಎಡಿಡಿ ಬಿ, ಎಗೆ ಬಿ ಕೂಡು ಅಂತ. ಸಿ ಕೂಡ್ಬೇಕಂದ್ರೆ 81, ಡಿ ಆದ್ರೆ 82, ಉತ್ತರ ಮಾತ್ರ ಯಾವಾಗ್ಲೂ ಎಗೇ ಬಂದು ಬೀಳತ್ತೆ. ಸಿಂಗಲ್ ಸ್ಟೆಪ್ಪಲ್ಲಿ ಓಡಿಸಿ ನೋಡಿದ್ರೆ ಎನಲ್ಲಿ 10. "ಮಾಮ, 110 ಬರ್ಬೇಕಲ್ವಾ, ಮುಂದಿನ 1 ಎಲ್ಲೋಯ್ತು?" ಎಂಟು ಬಿಟ್ ಡಬ್ಬಿಲಿ ಹಿಡಿಸ್ಲಿಲ್ಲ, ಫ್ಲಾಗ್ ರಿಜಿಸ್ಟರ್ (ಲೆಕ್ಕ ಹೇಗಾಯ್ತು ಅಂತ ಗುರುತಿಡೋದು) ತೆಗಿ ಅಂದೆ, ಅದರ ಕೊನೇ ಬಿಟ್ಟಲ್ಲಿ ಕೂತಿತ್ತು, ಕ್ಯಾರಿ.

ನನ್ನ ಕೇಳಿದ್ರೆ ಅಸೆಂಬ್ಲಿಲಿ (ಚಿಪ್ಪಿನ ಆಜ್ಞೆಗಳ ಭಾಷೇಲಿ) ಕೂಡೋದು ಅಂದ್ರೆ ಈ ಕ್ಯಾರಿನ ಕಾಯೋದೇ. ಮುಂದೆ 1298ಕ್ಕೆ 3478 ಕೂಡಿಸ್ದೆ, ಇವೂ ಹೆಕ್ಸೇ, ಮೊದಲ್ನೇದು ಬಿ-ಸಿಲಿ (12 ಬಿಲಿ, 98 ಸಿಲಿ), ಎರಡ್ನೇದು ಡಿ-ಇಲಿ. ಸಿನ ಎಗೆ ತಂದು ಎಡಿಡಿ ಇ, ಬಂದದ್ದನ್ನ ವಾಪಸ್ ಸಿಗೆ, ಆಮೇಲೆ ಬಿನ ಎಗೆ ತಂದು ಎಡಿಸಿ ಡಿ, ಅದು ಬಿಗೆ. ಎರಡ್ನೇ ಸಲ ಎಡಿಡಿ ಅಲ್ಲ ಎಡಿಸಿ, ಅದು ಹಿಂದಿನ ಕ್ಯಾರಿನೂ ಸೇರಿಸ್ಕೊಳತ್ತೆ, 12ಕ್ಕೆ 34 ಕೂಡಿದ್ರೆ 46, ಕ್ಯಾರಿ ಸೇರಿ 47, ಒಟ್ಟು 4710. ಮಧ್ಯದಲ್ಲಿ ಎರಡು ಮೂವ್ (ಒಂದು ರಿಜಿಸ್ಟರಿಂದ ಇನ್ನೊಂದಕ್ಕೆ ನಕಲು) ಬಂದ್ರೂ ಕ್ಯಾರಿ ಹಾಳಾಗಲ್ಲ ಯಾಕಂದ್ರೆ ಮೂವ್ ಯಾವ ಫ್ಲಾಗನ್ನೂ ಮುಟ್ಟಲ್ಲ. ಅದೇ ಜಾಗದಲ್ಲಿ ಎ ಸೊನ್ನೆ ಮಾಡೋಕೆ ಎಕ್ಸ್‌ಆರ್‌ಎ ಎ ಹಾಕಿದ್ರೆ ಕ್ಯಾರಿನೂ ಸೊನ್ನೆ, ಎಂವಿಐ ಎ, 00 ಹಾಕಿದ್ರೆ ಉಳ್ಕೊಳತ್ತೆ.

ಹುಡುಗ "98, 78 ಮಾಮೂಲಿ ದಶಮಾಂಶ ಆಗಿದ್ರೆ?" ಅಂದ, ಒಳ್ಳೇ ಪ್ರಶ್ನೆ. ಕೂಡಿದ ತಕ್ಷಣ 27 ಒತ್ತಿಸ್ದೆ, ಅದು ಡಿಎಎ, ಬಂದ ಮೊತ್ತನ ದಶಮಾಂಶಕ್ಕೆ ಸರಿಮಾಡೋ ಆಜ್ಞೆ. 10 ಇದ್ದದ್ದು 76 ಆಯ್ತು, ಕ್ಯಾರಿ 1, ಅಂದ್ರೆ 176.

ಇಷ್ಟೆಲ್ಲಾ ಯಾಕೆ, 16 ಬಿಟ್ಟನ್ನ ಒಂದೇ ಸಲ ಕೂಡೋ ಡಿಎಡಿ ಇದ್ಯಲ್ಲ ಅಂತ ಕೇಳೋರು ಕೇಳ್ತಾರೆ. ಇದೆ, ನಾನೂ ಬಳಸ್ತೀನಿ, ಆದ್ರೆ ಉತ್ತರ ಎಚ್-ಎಲ್‌ಗೇ ಹೋಗತ್ತೆ, ಮತ್ತೆ ಅದು ಕ್ಯಾರಿ ಬಿಟ್ರೆ ಬೇರೆ ಫ್ಲಾಗ್ ಬದಲಾಯ್ಸಲ್ಲ, ಮೊತ್ತ ಸೊನ್ನೆನಾ ಅಂತ ಕೆಳಗೆ ಜೆಝಡ್ (ಸೊನ್ನೆ ಬಂದಿದ್ರೆ ಜಂಪ್) ಹಾಕಿದ್ರೆ ಅದು ಹಳೇ ಫ್ಲಾಗನ್ನೇ ನೋಡ್ಕೊಂಡು ಜಂಪ್ ಹೊಡಿಯತ್ತೆ.